ಕೀಮೋಗೆ ಮುಂಚೆ ಅಮ್ಮನ ಹೆದರಿಕೆ: ತಿಳಿದವರು ಹೇಳಿದ್ದು

ಕೇಳಿದ್ದು

ಅಮ್ಮನಿಗೆ 54 ವರ್ಷ, ಸಕ್ಕರೆ ಕಾಯಿಲೆ ಇದೆ. ಬಲ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ನಾಲ್ಕು ವಾರ. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ಮುಂದಿನ ವಾರ ಬೆಂಗಳೂರಿನಲ್ಲಿ ಕೀಮೋ ಶುರು. ಮೊದಲು ಮೂರು ವಾರಕ್ಕೊಮ್ಮೆ ನಾಲ್ಕು ಸಲ 'ಎ.ಸಿ.' ಅನ್ನೋ ಎರಡು ಔಷಧಿಗಳ ಜೋಡಿ, ಆಮೇಲೆ ವಾರಕ್ಕೊಂದರಂತೆ 12 ಸಲ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಇನ್ನೊಂದು ಔಷಧಿ. ನಮ್ಮದು ದಾವಣಗೆರೆ ಹತ್ತಿರದ ಹಳ್ಳಿ. ನೋಡೋಕೆ ಬಂದವರೆಲ್ಲ ಒಂದೊಂದು ಕಥೆ ಹೇಳಿ ಹೋಗಿದ್ದಾರೆ. "ಆ ಕೆಂಪು ಔಷಧಿ ಬೇಡ, ಇರೋವಷ್ಟು ದಿನ ಹೀಗೇ ಇರ್ತೀನಿ" ಅಂತಾರೆ ಅಮ್ಮ. ರಾತ್ರಿ ನಿದ್ದೆ ಇಲ್ಲ. ಧೈರ್ಯ ಹೇಗೆ ತುಂಬೋದು?

ಕೀಮೋ ವಾರ್ಡಿನ ನರ್ಸ್

"ಏನೂ ಆಗಲ್ಲಮ್ಮ" ಅಂತ ಮಾತ್ರ ಹೇಳಬೇಡಿ. ಮೊದಲ ಸಲ ಹೊಟ್ಟೆ ತೊಳಸಿದ ಕೂಡಲೇ ನಿಮ್ಮ ಮಾತಿನ ಮೇಲಿನ ನಂಬಿಕೆ ಹೋಗುತ್ತೆ. ಅದರ ಬದಲು ಒಂದು ಕ್ಯಾಲೆಂಡರ್ ತಗೊಂಡು ಅಮ್ಮನ ಪಕ್ಕ ಕೂತ್ಕೊಳ್ಳಿ. ಕೀಮೋದ ತೊಂದರೆಗಳೆಲ್ಲ ಒಟ್ಟಿಗೆ ಬರೋದಿಲ್ಲ. ಹೆಚ್ಚಿನವು ಯಾವಾಗ ಬರುತ್ತವೆ, ಯಾವಾಗ ಹೋಗುತ್ತವೆ ಅಂತ ಮುಂಚೆಯೇ ಸುಮಾರಾಗಿ ಗೊತ್ತಿರುತ್ತೆ.

ಕೀಮೋ ಕೊಟ್ಟ ದಿನವನ್ನು 1 ಅಂತ ಗುರುತು ಹಾಕಿ. ಕೆಂಪು ಔಷಧಿ ಅಂದರೆ ಎ.ಸಿ.ಯ 'ಎ', ಡಾಕ್ಸೋರುಬಿಸಿನ್ (ಆಡ್ರಿಯಾಮೈಸಿನ್ ಅಂತಲೂ ಹೆಸರು). ಅದರ ಬಣ್ಣವೇ ಕೆಂಪು, ಅದಕ್ಕೇ ಒಂದೆರಡು ದಿನ ಮೂತ್ರವೂ ಕೆಂಪಗೆ ಹೋಗುತ್ತೆ. ಅದು ರಕ್ತ ಅಲ್ಲ ಅಂತ ಹಿಂದಿನ ದಿನವೇ ಹೇಳಿಡಿ. ಸಿರಿಂಜಿನಲ್ಲಿ ನಿಧಾನಕ್ಕೆ, ಪಕ್ಕದಲ್ಲಿ ಸಲೈನ್ ಓಡುತ್ತಿರುವಾಗಲೇ ಕೊಡುತ್ತಾರೆ. ನರದಿಂದ ಹೊರಗೆ ಸೋರಿದರೆ ಸುತ್ತಲ ಮಾಂಸ ಸುಡುವ ಔಷಧಿ ಇದು. ಸೂಜಿಯ ಹತ್ತಿರ ಉರಿ, ನೋವು, ಊತ ಕಂಡರೆ ಆ ಕ್ಷಣವೇ ನರ್ಸನ್ನು ಕರೆಯಬೇಕು. "ಪಾಪ, ಅವರಿಗೆ ಯಾಕೆ ತೊಂದರೆ" ಅಂತ ಹಲ್ಲುಕಚ್ಚಿ ಕೂರುವ ತಾಯಂದಿರೇ ಜಾಸ್ತಿ. ಅಮ್ಮ ಹಾಗೆ ಕೂರಬಾರದು. ಗ್ರಂಥಿ ತೆಗೆದ ಬಲಗೈಗೆ ಸೂಜಿ ಬೇಡ, ಬಿಗಿ ಬಳೆಯೂ ಬೇಡ. ಎಡಗೈ ನರ ಸಣ್ಣದಾಗಿದ್ದರೆ ಕೀಮೋ ಪೋರ್ಟ್ ಅಥವಾ ಪಿಕ್ ಲೈನ್ (ದೊಡ್ಡ ನರಕ್ಕೆ ಹಾಕಿ, ಕೀಮೋ ಮುಗಿಯುವ ತನಕ ಬಿಡುವ ಕೊಳವೆ) ಬಗ್ಗೆ ಮೊದಲ ಕೀಮೋಗೆ ಮುಂಚೆಯೇ ಕೇಳಿ. ನಾಲ್ಕು ಸಲ ಚುಚ್ಚಿ ನರ ಗಟ್ಟಿಯಾದ ಮೇಲೆ ಕೇಳಿದರೆ ತಡ.

1ರಿಂದ 5ನೇ ದಿನ ವಾಕರಿಕೆಯ ಕಾಲ. 7ರಿಂದ 14ನೇ ದಿನ ಬಿಳಿ ರಕ್ತಕಣ ಇಳಿಯುವ ಕಾಲ. ಬಾಯಿ ಹುಣ್ಣೂ ಹೆಚ್ಚಾಗಿ ಆಗಲೇ ಬರುತ್ತೆ. 15ರಿಂದ 21 ಚೇತರಿಕೆಯ ವಾರ: ನೆಂಟರ ಮನೆ, ದೇವಸ್ಥಾನ ಏನಿದ್ದರೂ ಆಗ ಇಟ್ಕೊಳ್ಳಿ. ಕೂದಲು ಮೊದಲ ಕೀಮೋ ಆಗಿ ಎರಡು–ಮೂರು ವಾರಕ್ಕೆ ಉದುರೋಕೆ ಶುರುವಾಗುತ್ತೆ. ಜಡೆ ಉದ್ದ ಇದ್ದರೆ ಮುಂಚೆಯೇ ಗಿಡ್ಡ ಮಾಡಿಸಿ. ಆಗ ದಿಂಬಿನ ಮೇಲೆ ಹಿಡಿ ಹಿಡಿ ಕೂದಲು ನೋಡೋದು ಅಷ್ಟು ನೋಯಿಸಲ್ಲ.

ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿಂದ ಬರೆಯಬೇಕಾದ್ದು ಒಂದೇ ಸಂಖ್ಯೆ: 100.4 ಡಿಗ್ರಿ ಫ್ಯಾರನ್‌ಹೀಟ್. ಡಿಜಿಟಲ್ ಥರ್ಮಾಮೀಟರ್ ನಾಲಿಗೆ ಕೆಳಗೆ ಇಟ್ಟು ನೋಡಿ, ಬಿಸಿ ಕಾಫಿ ಕುಡಿದು ಕಾಲು ಗಂಟೆ ಆದ ಮೇಲೆ. ಕಂಕುಳಲ್ಲಿ ಇಟ್ಟರೆ ಕಡಿಮೆ ತೋರಿಸುತ್ತೆ. 100.4 ಮುಟ್ಟಿದರೆ, ಅಥವಾ ಜ್ವರ ಇಲ್ಲದೆಯೂ ಗಡಗಡ ನಡುಕ ಬಂದರೆ, ಬೆಳಗಾಗಲಿ ಅಂತ ಕಾಯಬಾರದು. ಇಲ್ಲಿ ಎಡವುವುದು ಹೀಗೆ: ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಕೊಡುತ್ತಾರೆ, ಜ್ವರ ಇಳಿಯುತ್ತೆ, ಎಲ್ಲರೂ ಮಲಗುತ್ತಾರೆ. ಸೋಂಕು ಮಾತ್ರ ಒಳಗೆ ಏರುತ್ತಲೇ ಇರುತ್ತೆ, ಎದುರಿಸೋಕೆ ಬಿಳಿ ಕಣ ಇರುವುದಿಲ್ಲ. ಅದಕ್ಕೆ ಮೊದಲು ಥರ್ಮಾಮೀಟರ್, ಆಮೇಲೆ ಮಾತ್ರೆಯ ಮಾತು.

ನೀವಿರೋದು ದೂರ. ರಾತ್ರಿ ಜ್ವರ ಬಂದರೆ ಬೆಂಗಳೂರಿಗೆ ಕಾರು ಹತ್ತಬೇಡಿ, ದಾವಣಗೆರೆಯ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಿ. ಯಾವ ಆಸ್ಪತ್ರೆ, ಯಾವ ವಾಹನ ಅಂತ ಈ ವಾರವೇ ತೀರ್ಮಾನ ಆಗಲಿ. ಕೀಮೋ ಹೆಸರು, ಕೊಟ್ಟ ತಾರೀಕು, ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ನಂಬರ್ ಇರುವ ಚೀಟಿ ಅಮ್ಮನ ಪರ್ಸಿನಲ್ಲಿರಲಿ. ಅಲ್ಲಿ ಮೊದಲು ಹೇಳಬೇಕಾದ ಮಾತು: "ಕೀಮೋ ಆಗಿ ಹತ್ತು ದಿನ, ಈಗ ಜ್ವರ." ಅಷ್ಟು ಹೇಳಿದರೆ ಸಾಲಿನಲ್ಲಿ ಕೂರಿಸೋದಿಲ್ಲ. ರಕ್ತ ತೆಗೆದು ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕು, ರಿಪೋರ್ಟ್ ಬರಲಿ ಅಂತ ಕಾಯುವ ಹಾಗಿಲ್ಲ.

ಫಾರ್ಮಸಿಸ್ಟ್

ನೆಂಟರು ಹೇಳಿದ ಕಥೆಗಳು ಸುಳ್ಳಲ್ಲ, ಹಳೆಯವು. ವಾಂತಿ ತಡೆಯುವ ಮಾತ್ರೆಗಳಲ್ಲಿ ಒಂಡಾನ್ಸೆಟ್ರಾನ್ ಬಂದದ್ದು 1990ರ ದಶಕದಲ್ಲಿ, ಅಪ್ರೆಪಿಟೆಂಟ್ 2003ರಲ್ಲಿ. ಅದಕ್ಕೂ ಮುಂಚೆ ಎ.ಸಿ. ಕೊಟ್ಟರೆ ದಿನಗಟ್ಟಲೆ ವಾಂತಿ ಆಗುತ್ತಿದ್ದುದು ನಿಜ. ಈಗಲೂ ಅದು ವಾಂತಿ ತರಿಸುವುದರಲ್ಲಿ ಮೊದಲ ಸಾಲಿನ ಔಷಧಿಯೇ. ಆದರೆ ತಡೆಯೋಕೆ ಮೂರು–ನಾಲ್ಕು ಮಾತ್ರೆ ಸೇರಿಸಿ ಕೊಡುತ್ತಾರೆ. ಗಡಿಯಾರ ನೋಡಿ ನುಂಗಬೇಕು, ವಾಕರಿಕೆ ಬರಲಿ ಅಂತ ಕಾಯಬಾರದು. ಬಂದ ಮೇಲೆ ನುಂಗಿದ ಮಾತ್ರೆ ವಾಂತಿ ಜೊತೆ ಹೊರಗೇ ಬರುತ್ತೆ.

ಅಪ್ರೆಪಿಟೆಂಟ್ ಸಾಮಾನ್ಯವಾಗಿ ಮೂರು ದಿನದ ಪ್ಯಾಕ್: ಮೊದಲ ದಿನ 125 ಮಿ.ಗ್ರಾಂ, ಮುಂದಿನ ಎರಡು ದಿನ 80. ರಾತ್ರಿಗೆ ಒಲಾಂಜಪಿನ್ ಬರೆದಿದ್ದರೆ, ಮೊಬೈಲಲ್ಲಿ ಹೆಸರು ಹುಡುಕಿ 'ಇದು ಮಾನಸಿಕ ಕಾಯಿಲೆ ಮಾತ್ರೆ' ಅಂತ ನಿಲ್ಲಿಸುವ ಮನೆಯವರು ಬಹಳ. ಚಿಕ್ಕ ಡೋಸಿನಲ್ಲಿ ಅದು ವಾಕರಿಕೆಗೇ ಕೊಡುವ ಮಾತ್ರೆ, ನಿದ್ದೆಯೂ ಬರುತ್ತೆ. ವಾಕರಿಕೆಗೇ ಕೊಡುವ ಇನ್ನೊಂದು ಮಾತ್ರೆ ಡೆಕ್ಸಾಮೆಥಾಸೋನ್, ಅದನ್ನು ಬೆಳಗ್ಗೆ ತಿಂಡಿ ಆದ ಮೇಲೆ ಕೊಡಿ, ಸಂಜೆ ಕೊಟ್ಟರೆ ರಾತ್ರಿ ಪೂರ್ತಿ ಎಚ್ಚರ. ಅದು ಸ್ಟೀರಾಯ್ಡ್, ಸಕ್ಕರೆ ಏರಿಸುತ್ತೆ. ಆ ದಿನಗಳಲ್ಲಿ ಗ್ಲುಕೋಮೀಟರ್‌ನಲ್ಲಿ ನೋಡುತ್ತಿರಿ. ಎಷ್ಟಕ್ಕೆ ಏರಿದರೆ ಫೋನ್ ಮಾಡಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಕೇಳಿ ಬರೆದಿಟ್ಕೊಳ್ಳಿ.

ಬಿಳಿ ಕಣ ಏರಿಸುವ ಪೆಗ್‌ಫಿಲ್ಗ್ರಾಸ್ಟಿಮ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ, ಕೀಮೋ ಮುಗಿದು 24 ಗಂಟೆ ಆಗುವ ಮುಂಚೆ ಹಾಕಿಸಬೇಡಿ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು: ಫ್ರಿಜ್ಜಿನ ನಡು ತಟ್ಟೆಯಲ್ಲಿ, ಫ್ರೀಜರಿನಲ್ಲಿ ಅಲ್ಲ. ಬಸ್ಸಲ್ಲೋ ರೈಲಲ್ಲೋ ತರುವಾಗ ಐಸ್ ಪ್ಯಾಕಿಗೆ ನೇರ ತಾಗದ ಹಾಗೆ ಬಟ್ಟೆ ಸುತ್ತಿ. ಆಮೇಲೆ ಸೊಂಟ, ತೊಡೆ ಮೂಳೆಯಲ್ಲಿ ನೋವು ಬರಬಹುದು. ಬಿಳಿ ಕಣ ತಯಾರಿಸುವ ಮೂಳೆ ಮಜ್ಜೆ ಕೆಲಸ ಮಾಡುತ್ತಿರುವ ನೋವು ಅದು, ಕ್ಯಾನ್ಸರ್ ಮೂಳೆಗೆ ಹೋಯ್ತು ಅಂತ ಅಮ್ಮ ಗಾಬರಿಯಾಗದಿರಲಿ. (ರೈಲಿನ ಮಾತು ಬಂತಲ್ಲ, ಆಸ್ಪತ್ರೆಯಿಂದ ರೈಲ್ವೆ ರಿಯಾಯಿತಿ ಪ್ರಮಾಣಪತ್ರ ಬರೆಸ್ಕೊಳ್ಳಿ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರಿಯಾಯಿತಿ ಇದೆ.)

ಅಮೃತಬಳ್ಳಿ ಕಷಾಯ, ಪಪ್ಪಾಯ ಎಲೆ ರಸ, ಯಾರೋ ತಂದುಕೊಟ್ಟ ಪುಡಿ, ಇವೆಲ್ಲ ಕೀಮೋ ಮುಗಿಯುವ ತನಕ ಬೇಡ. ಲಿವರ್ ಏರುಪೇರಾದರೆ ಕಾರಣ ಕೀಮೋನೋ ಕಷಾಯವೋ ಅಂತ ಡಾಕ್ಟರಿಗೂ ತಿಳಿಯದೆ, ಮುಂದಿನ ಡೋಸ್ ನಿಲ್ಲುತ್ತೆ.

ಆಸ್ಪತ್ರೆಯ ಆಹಾರ ತಜ್ಞೆ

ಮೊದಲ ಐದು ದಿನ ಒಗ್ಗರಣೆ ವಾಸನೆಯೇ ಶತ್ರು. ಅಮ್ಮ ಮಲಗುವ ಕೋಣೆಯಿಂದ ದೂರ, ಕಿಟಕಿ ತೆಗೆದು ಅಡುಗೆ ಮಾಡಿ. ಬಿಸಿಗಿಂತ ಆರಿದ ಊಟ ಸೇರುತ್ತೆ: ಮೊಸರನ್ನ, ರಾಗಿ ಅಂಬಲಿ, ಇಡ್ಲಿ. ಮೂರು ಹೊತ್ತು ತಟ್ಟೆ ತುಂಬ ಬಡಿಸುವುದಕ್ಕಿಂತ ಎರಡು–ಮೂರು ಗಂಟೆಗೊಮ್ಮೆ ಒಂದು ಸೌಟು ಸಾಕು. ಸ್ಟೀಲ್ ಲೋಟದ ನೀರು ಕಬ್ಬಿಣದ ರುಚಿ ಅನ್ನಿಸಿದರೆ ಗಾಜಿನ ಲೋಟ ಕೊಡಿ. ಎ.ಸಿ.ಯ 'ಸಿ', ಅಂದರೆ ಸೈಕ್ಲೋಫಾಸ್ಫಮೈಡ್, ಮೂತ್ರಕೋಶ ಕೆರಳಿಸುತ್ತೆ. ಹೃದಯ, ಕಿಡ್ನಿ ತೊಂದರೆ ಇಲ್ಲದಿದ್ದರೆ ಕೀಮೋ ದಿನ ಮತ್ತು ಮರುದಿನ ಎರಡು–ಎರಡೂವರೆ ಲೀಟರ್ ನೀರು ಹೋಗಲಿ, ಮೂತ್ರ ಕಟ್ಟಿಕೊಂಡು ಕೂರಬಾರದು.

ಬಾಯಿ ಹುಣ್ಣು ಬರಲಿ ಅಂತ ಕಾಯದೆ ಮೊದಲ ದಿನದಿಂದಲೇ ಮುಕ್ಕಳಿಸಲಿ: ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕೈದು ಸಲ, ದಿನಾ ಹೊಸದು ಮಾಡಿ. ಸ್ಪಿರಿಟ್ ಇರುವ ಅಂಗಡಿ ಮೌತ್‌ವಾಶ್ ಉರಿಸುತ್ತೆ, ಬೇಡ. ಬಿಳಿ ಕಣ ಇಳಿದ ವಾರದಲ್ಲಿ ಹೊರಗೆ ಹೆಚ್ಚಿಟ್ಟ ಹಣ್ಣು, ಪಾನಿಪುರಿ, ಅರೆಬೆಂದ ಮೊಟ್ಟೆ ಬಿಡಿ. ಮನೆಯಲ್ಲಿ ಚೆನ್ನಾಗಿ ತೊಳೆದು ಸಿಪ್ಪೆ ತೆಗೆದ ಹಣ್ಣಿಗೆ ಅಡ್ಡಿಯಿಲ್ಲ. ಪ್ರೋಟೀನ್ ತಪ್ಪಬಾರದು: ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಹೆಸರುಬೇಳೆ, ಹುರಿಗಡಲೆ. ಒಂಡಾನ್ಸೆಟ್ರಾನ್ ಮಲ ಕಟ್ಟಿಸುತ್ತೆ. ಎರಡು ದಿನ ಹೋಗದಿದ್ದರೆ ಮೂರನೇ ದಿನದವರೆಗೆ ಕಾಯದೆ ಡಾಕ್ಟರ್ ಹೇಳಿದ ಸಿರಪ್ ಶುರು ಮಾಡಿ. ಎನಿಮಾ ಬೇಡ.

ಮತ್ತೆ ನರ್ಸ್

ಪ್ಯಾಕ್ಲಿಟ್ಯಾಕ್ಸೆಲ್ ಬಗ್ಗೆ ಬಿಟ್ಟುಹೋಯ್ತು. ವಾಂತಿ ಕಡಿಮೆ, ಆದರೆ ಬೆರಳ ತುದಿ, ಪಾದ ಜುಮ್ ಅನ್ನುತ್ತೆ. ಸಕ್ಕರೆಯಿಂದ ಈಗಾಗಲೇ ಪಾದ ಜೋಮು ಹಿಡಿಯುತ್ತಿದ್ದರೆ ಮೊದಲ ಡೋಸಿಗೆ ಮುಂಚೆಯೇ ಹೇಳಬೇಕು. ಕೆಲವು ಕಡೆ ಔಷಧಿ ಓಡುವಾಗ ಕೈಕಾಲಿಗೆ ತಣ್ಣನೆ ಗ್ಲೌಸ್ ಹಾಕುತ್ತಾರೆ. ಸ್ಪರ್ಶವೇ ಕಡಿಮೆಯಾದ ಪಾದಕ್ಕೆ ಐಸ್ ಗಾಯ ಮಾಡಬಹುದು, ಡಾಕ್ಟರನ್ನು ಕೇಳದೆ ನೀವೇ ಇಡಬೇಡಿ. ವಾರವಾರ ಎರಡು ಗಮನಿಸಿ: ಬ್ಲೌಸಿನ ಹುಕ್ ಹಾಕೋಕೆ ತಡವರಿಸುತ್ತಾರಾ, ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗುತ್ತಾ? ಅಲ್ಲಿಗೆ ಬಂದಿದ್ದರೆ ಅದೇ ದಿನ ಹೇಳಿ. ಡೋಸ್ ಇಳಿಸಿದರೆ ಸ್ಪರ್ಶ ತಿಳಿಸುವ ನರ ಉಳಿಯುತ್ತೆ, ಸಹಿಸಿಕೊಂಡರೆ ಜೋಮು ಹಾಗೇ ಉಳಿದುಬಿಡಬಹುದು.

ಆಸ್ಪತ್ರೆಯ ಆಪ್ತಸಮಾಲೋಚಕಿ

ಅಮ್ಮ "ಬೇಡ" ಅನ್ನುತ್ತಿರುವುದು ಯಾವುದನ್ನ ಅಂತ ಬಿಡಿಸಿ ಕೇಳಿ. ಕೂದಲೇ? ನಿಮಗೆ ಹೊರೆ ಆಗ್ತೀನಿ ಅನ್ನೋದೇ? ವಾಂತಿಯೇ? ಒಂದೊಂದಕ್ಕೂ ಉತ್ತರ ಬೇರೆ. ಅವರ ಮಾತಿನಲ್ಲೇ ಬರೆದು, ಆ ಚೀಟಿ ಡಾಕ್ಟರ ಕೈಗೇ ಕೊಡಿ. "ನನಗೆ ಈ ಕೀಮೋದಿಂದ ಎಷ್ಟು ಲಾಭ?" ಅಂತ ಅಮ್ಮನೇ ಕೇಳಲಿ. ಆ ಉತ್ತರ ಕೇಳುವ ಹಕ್ಕು ಅವರದು.

ಮೊದಲ ಸಲ ವಾಂತಿ ಜೋರಾದರೆ, ಎರಡನೇ ಸಲ ಆಸ್ಪತ್ರೆಯ ವಾಸನೆ ಬಡಿದರೇ ವಾಂತಿ ಬರಬಹುದು. ಇದು ನಾಟಕ ಅಲ್ಲ, ಮಿದುಳು ಕಲಿತುಬಿಟ್ಟದ್ದು. ಆಮೇಲೆ ಬಿಡಿಸುವುದು ಕಷ್ಟ, ಅದಕ್ಕೇ ಮೊದಲ ಸಲದ ವಾಂತಿಯನ್ನು "ಇಷ್ಟೇ ಇರಬೇಕು" ಅಂತ ಮುಚ್ಚಿಡದೆ ಎಷ್ಟು ಸಲ, ಯಾವ ಹೊತ್ತಿಗೆ ಅಂತ ಬರೆದು ತೋರಿಸಿ. ಮಾತ್ರೆ ಬದಲಿಸುತ್ತಾರೆ. ನಿದ್ದೆ ಇಲ್ಲದ್ದನ್ನೂ ಹೇಳಿ, ಕೀಮೋ ಹಿಂದಿನ ರಾತ್ರಿಗೆ ಮಾತ್ರೆ ಕೊಡಬಹುದು. ಮುಂದಿನ ವಾರ ನೋಡೋಕೆ ಬರುವವರನ್ನು ನೀವೇ ಬಾಗಿಲಲ್ಲಿ ಮಾತಾಡಿಸಿ ಕಳಿಸಿ. "ಹದಿನೈದು ದಿನ ಬಿಟ್ಟು ಬನ್ನಿ" ಅಂದರೆ ಸಾಕು.