ಹತ್ತೊಂಬತ್ತರ ಸರಾಸರಿ ಬಗ್ಗೆ ಅತ್ತೆಯ ಉತ್ತರ

ಪುಟ್ಟಾ, ರಾತ್ರಿ ನೀನು ಗ್ರೂಪಿಗೆ ಹಾಕಿದ ಪಟ್ಟಿಯನ್ನು ಈಗ ಡ್ಯೂಟಿ ಮುಗಿಸಿ ಬಂದು ನೋಡಿದೆ. ವೆಸ್ಟ್ ಇಂಡೀಸಿನ ದೊಡ್ಡ ಆಲ್‌ರೌಂಡರ್‌ಗಳು ಅಂತ ಸೋಬರ್ಸ್, ಬ್ರಾವೋ, ಪೊಲಾರ್ಡ್, ರಸೆಲ್ ಎಲ್ಲರನ್ನೂ ಬರೆದಿದ್ದೀಯ. ನಿಮ್ಮಪ್ಪ ಕೆಳಗೆ ಲಿಯರಿ ಕಾನ್‌ಸ್ಟಂಟೈನ್ ಅಂತ ಸೇರಿಸಿದ್ದಕ್ಕೆ "18 ಟೆಸ್ಟ್, 635 ರನ್, ಸರಾಸರಿ 19, ಇವರು ಯಾಕೆ ಪಟ್ಟಿಯಲ್ಲಿ?" ಅಂತ ಕೇಳಿದ್ದೀಯ. ಅಣ್ಣ ಏನೂ ಹೇಳದೆ ಸುಮ್ಮನಾಗಿದ್ದಾನೆ. ನನಗೆ ಸುಮ್ಮನಿರಲು ಆಗುತ್ತಿಲ್ಲ. ಆ ಮನುಷ್ಯ ಇಪ್ಪತ್ತು ವರ್ಷ ಬದುಕಿದ ಊರು ನನ್ನ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ಅಷ್ಟೇ. ಮಾತು ಉದ್ದ ಆಗುತ್ತೆ, ಊಟ ಮಾಡುತ್ತಾ ಕೇಳು.

ನೀನು ಕೊಟ್ಟ ಲೆಕ್ಕ ಸರಿ. ಅದಕ್ಕೆ 58 ವಿಕೆಟ್, 28 ಕ್ಯಾಚ್ ಸೇರಿಸಿಕೋ. ಹದಿನೆಂಟು ಟೆಸ್ಟಿಗೆ ಇಪ್ಪತ್ತೆಂಟು ಕ್ಯಾಚ್ ಅಂದರೆ ಎಂಥ ಫೀಲ್ಡಿಂಗ್ ಇರಬೇಕು ಯೋಚನೆ ಮಾಡು. ಆದರೂ ಟೆಸ್ಟ್ ಲೆಕ್ಕ ಹಿಡಿದುಕೊಂಡು ಹುಡುಕಿದರೆ ಅವರು ನಿನಗೆ ಸಿಗೋದಿಲ್ಲ. ಅವರ ಆಟ ಜಾಸ್ತಿ ನಡೆದದ್ದು ಬೇರೆ ಕಡೆ.

ಹುಟ್ಟಿದ್ದು 1901ರಲ್ಲಿ, ಟ್ರಿನಿಡಾಡ್‌ನಲ್ಲಿ. ಅಜ್ಜ ಅಜ್ಜಿಯ ಕಾಲದ ಗುಲಾಮಗಿರಿಯ ನೆನಪು ಆ ಮನೆಯಲ್ಲಿ ಇನ್ನೂ ಹಸಿ. ಅಪ್ಪ ಲೆಬ್ರುನ್ ಕೋಕೋ ತೋಟದಲ್ಲಿ ಮೇಸ್ತ್ರಿ, ಜೊತೆಗೆ ಒಳ್ಳೆ ಕ್ರಿಕೆಟಿಗ. 1900ರಲ್ಲಿ, 1906ರಲ್ಲಿ ಇಂಗ್ಲೆಂಡಿಗೆ ಬಂದು ಆಡಿ ಹೋದವರು. ಮಗ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತ. ತಾನೂ ವಕೀಲ ಆಗಬೇಕು ಅಂತ ಆಸೆ, ಆದರೆ ಆಗಿನ ಟ್ರಿನಿಡಾಡ್‌ನಲ್ಲಿ ಕಪ್ಪು ಹುಡುಗನಿಗೆ ಗುಮಾಸ್ತಿಕೆಯಿಂದ ಮೇಲೆ ಹತ್ತೋದು ತುಂಬಾ ಕಷ್ಟ. ಕೈಯಲ್ಲಿದ್ದದ್ದು ಕ್ರಿಕೆಟ್ ಒಂದೇ.

ಈಗ 1928ರ ಜೂನ್‌ಗೆ ಬಾ. ವೆಸ್ಟ್ ಇಂಡೀಸ್ ಇಂಗ್ಲೆಂಡ್ ಪ್ರವಾಸದಲ್ಲಿತ್ತು. ಲಂಡನ್ನಿನ ಲಾರ್ಡ್ಸ್ ಮೈದಾನ, ಮಿಡ್ಲ್‌ಸೆಕ್ಸ್ ಅನ್ನೋ ಕೌಂಟಿ ತಂಡದ ವಿರುದ್ಧದ ಪಂದ್ಯ. ಮಿಡ್ಲ್‌ಸೆಕ್ಸ್ 6 ವಿಕೆಟಿಗೆ 352 ಹೊಡೆದು ಡಿಕ್ಲೇರ್ ಮಾಡಿತು. ವೆಸ್ಟ್ ಇಂಡೀಸ್ 79ಕ್ಕೆ 5 ಆಗಿದ್ದಾಗ ಕಾನ್‌ಸ್ಟಂಟೈನ್ ಒಳಗೆ ಬಂದರು. ಒಂದು ಗಂಟೆಯೂ ಆಗಿಲ್ಲ, 86 ರನ್. ಆಮೇಲೆ ಚೆಂಡು ತಗೊಂಡರು, 57 ರನ್ನಿಗೆ 7 ವಿಕೆಟ್, ಮಿಡ್ಲ್‌ಸೆಕ್ಸ್ 136ಕ್ಕೆ ಆಲೌಟ್. ಗೆಲ್ಲಲು 259 ಬೇಕು, ಮತ್ತೆ 121ಕ್ಕೆ 5 ಹೋಯಿತು, ಮತ್ತೆ ಅದೇ ಮನುಷ್ಯ ನಡೆದು ಬಂದರು. ಒಂದು ಗಂಟೆಯಲ್ಲಿ 103. ಅವರು ನೇರಕ್ಕೆ ಬಾರಿಸಿದ ಒಂದು ಚೆಂಡನ್ನು ತಡೆಯಲು ಹೋಗಿ ಬೌಲರ್ ಜ್ಯಾಕ್ ಹರ್ನ್ ಬೆರಳು ಮುರಿಯಿತು, ಆ ಸೀಸನ್ನಿಗೇ ಅವರ ಆಟ ಮುಗಿಯಿತು. ವೆಸ್ಟ್ ಇಂಡೀಸ್ ಮೂರು ವಿಕೆಟ್ಟಿನಿಂದ ಗೆದ್ದಿತು. ಇದು ಟೆಸ್ಟ್ ಅಲ್ಲ, ಹಾಗಾಗಿ ನೀನು ಕೊಟ್ಟ 635ರಲ್ಲಿ ಇದರ ಒಂದು ರನ್ನೂ ಇಲ್ಲ. ಆ ವರ್ಷದ ಮೂರೂ ಟೆಸ್ಟ್ ಇನ್ನಿಂಗ್ಸ್ ಸೋಲು, ಅವುಗಳಲ್ಲಿ ಅವರ ಆಟ ಸಾಧಾರಣವೇ. ಆದರೆ ಇಡೀ ಪ್ರವಾಸದಲ್ಲಿ ಸಾವಿರಕ್ಕೂ ಜಾಸ್ತಿ ರನ್, ನೂರಕ್ಕೂ ಜಾಸ್ತಿ ವಿಕೆಟ್. 1930ರಲ್ಲಿ ಜಾರ್ಜ್‌ಟೌನ್‌ನಲ್ಲಿ ವೆಸ್ಟ್ ಇಂಡೀಸ್ ಮೊದಲ ಸಲ ಟೆಸ್ಟ್ ಗೆದ್ದಾಗ ಒಂಬತ್ತು ವಿಕೆಟ್ ಇವರದೇ.

1929ರಿಂದ ಅವರು ಇಲ್ಲೇ, ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿರುವ ನೆಲ್ಸನ್ ಅನ್ನೋ ಊರಿನ ಕ್ಲಬ್ಬಿಗೆ ಆಡಲು ಸೇರಿಕೊಂಡರು. ಹತ್ತಿ ಬಟ್ಟೆ ನೇಯುವ ಗಿರಣಿಗಳ ಊರು ಅದು. ಲ್ಯಾಂಕಾಶೈರ್ ಲೀಗ್ ಅಂದರೆ ಒಂದೇ ಮಧ್ಯಾಹ್ನದ ಪಂದ್ಯ. ತಂಡಕ್ಕೆ ಸಂಬಳದ ಆಟಗಾರ ಒಬ್ಬನೇ, ಉಳಿದವರು ವಾರವಿಡೀ ಬೇರೆ ಕೆಲಸ ಮಾಡಿ ಶನಿವಾರ ಆಡೋರು. ಸಂಬಳದವನು ಬೌಲ್ ಮಾಡಬೇಕು, ರನ್ ಹೊಡೆಯಬೇಕು, ಹುಡುಗರಿಗೆ ಕಲಿಸಬೇಕು, ಜನರನ್ನು ಮೈದಾನಕ್ಕೆ ಎಳೆಯಬೇಕು. ಚೆನ್ನಾಗಿ ಆಡಿದ ದಿನ ಪ್ರೇಕ್ಷಕರ ಮಧ್ಯೆ ಚಿಲ್ಲರೆ ಎತ್ತಿ ಕೊಡುತ್ತಿದ್ದರು. ನೀನು ರಸೆಲ್‌ನಲ್ಲಿ ಇಷ್ಟಪಡೋದು ಇದನ್ನೇ ಅಲ್ವಾ, ಒಂದು ಸಂಜೆಯಲ್ಲಿ ಬ್ಯಾಟು, ಬಾಲು, ಕ್ಯಾಚು ಮೂರರಿಂದಲೂ ಪಂದ್ಯ ತಿರುಗಿಸೋದು? ಕಾನ್‌ಸ್ಟಂಟೈನ್ ಒಂಬತ್ತು ಸೀಸನ್ ಅದನ್ನೇ ಮಾಡಿದರು, ನೆಲ್ಸನ್ ಏಳು ಸಲ ಲೀಗ್ ಗೆದ್ದಿತು. ಅವರು ಬಿಟ್ಟ ಮೇಲೆ 1938ರಲ್ಲಿ ಆ ಜಾಗಕ್ಕೆ ಬಂದದ್ದು ನಮ್ಮ ಲಾಲಾ ಅಮರನಾಥ್.

ಟೆಸ್ಟ್ ಕಡಿಮೆ ಆಗೋಕೂ ಇದೇ ಕಾರಣ. 1933ರಲ್ಲಿ ವೆಸ್ಟ್ ಇಂಡೀಸ್ ಇಂಗ್ಲೆಂಡಿಗೇ ಬಂದಿತ್ತು, ನೆಲ್ಸನ್ ಇವರನ್ನು ಒಂದೇ ಟೆಸ್ಟಿಗೆ ಬಿಟ್ಟಿತು. ಕ್ಲಬ್ಬಿನ ದುಡ್ಡಿನಿಂದ ಸಂಸಾರ ನಡೆಯುತ್ತಿತ್ತು, ಏನು ಮಾಡೋದು? ಆ ಮ್ಯಾಂಚೆಸ್ಟರ್ ಟೆಸ್ಟಲ್ಲಿ ಅವರೂ ಜೊತೆಯ ವೇಗದ ಬೌಲರ್ ಮಾರ್ಟಿನ್‌ಡೇಲೂ ಸೇರಿ, ಆಸ್ಟ್ರೇಲಿಯಾದವರಿಗೆ ಬಾಡಿಲೈನ್, ಅಂದರೆ ಬ್ಯಾಟ್ಸ್‌ಮನ್ ಮೈಗೇ ಗುರಿಯಿಟ್ಟ ವೇಗದ ಬೌಲಿಂಗ್, ಹಾಕಿಸಿದ ಇಂಗ್ಲೆಂಡ್ ಕ್ಯಾಪ್ಟನ್ ಜಾರ್ಡೀನ್‌ಗೆ ಅದೇ ಬಾಡಿಲೈನ್ ಹಾಕಿದರು. ಜಾರ್ಡೀನ್ ನಿಂತು 127 ಹೊಡೆದರು ಅನ್ನೋದನ್ನೂ ಹೇಳಲೇಬೇಕು.

ಇನ್ನೊಂದು ವಿಷಯ ಹೇಳದೆ ಬಿಡೋಕೆ ಆಗಲ್ಲ. 1943ರ ಜುಲೈ, ಯುದ್ಧದ ಕಾಲ. ಲಾರ್ಡ್ಸಿನಲ್ಲಿ ಪಂದ್ಯ ಅಂತ ಹೆಂಡತಿ ನಾರ್ಮಾ, ಮಗಳ ಜೊತೆ ಲಂಡನ್ನಿನ ಇಂಪೀರಿಯಲ್ ಹೋಟೆಲಿಗೆ ಬಂದರು. ನಾಲ್ಕು ರಾತ್ರಿಗೆ ಮೊದಲೇ ಬುಕ್ ಮಾಡಿ, ಮುಂಗಡ ಕೊಟ್ಟಿದ್ದರು. ಹೋಟೆಲಿನವರು ಒಂದೇ ರಾತ್ರಿ ಇರಿ, ಆಮೇಲೆ ಹೊರಡಿ ಅಂದರು. ಅಮೆರಿಕದ ಬಿಳಿ ಸೈನಿಕರಿಗೆ ಇಷ್ಟ ಆಗಲ್ಲವಂತೆ. ಇವರು ಕೋರ್ಟಿಗೆ ಹೋದರು. ಮೈಬಣ್ಣದ ಭೇದ ಮಾಡಬಾರದು ಅನ್ನೋ ಕಾನೂನೇ ಆಗ ಇಂಗ್ಲೆಂಡಿನಲ್ಲಿ ಇರಲಿಲ್ಲ. ಹಾಗಾಗಿ, ಬಂದ ಪ್ರಯಾಣಿಕನಿಗೆ ಛತ್ರದವನು ಕಾರಣವಿಲ್ಲದೆ ಜಾಗ ಇಲ್ಲ ಅನ್ನಬಾರದು ಅನ್ನೋ ಹಳೇ ಕಾಲದ ನಿಯಮ ಹಿಡಿದು ವಾದ ಮಾಡಿದರು. 1944ರಲ್ಲಿ ಗೆದ್ದರು. ಸಿಕ್ಕ ಪರಿಹಾರ ಐದು ಗಿನಿ, ಅಂದರೆ ಐದು ಪೌಂಡ್ ಚಿಲ್ಲರೆ. ಅಂಥ ಜಾಗದಲ್ಲಿ ಬಣ್ಣ ನೋಡಿ ಬಾಗಿಲು ಹಾಕಬಾರದು ಅಂತ ಕಾನೂನು ಬಂದದ್ದು 1965ರಲ್ಲಿ. ಈ ದೇಶದಲ್ಲಿ ನಾನು ಪರ್ಸ್ ಹಿಡಿದುಕೊಂಡು ಯಾವ ಹೋಟೆಲಿಗೆ ಬೇಕಾದರೂ ಧೈರ್ಯವಾಗಿ ಹೋಗ್ತೀನಲ್ಲ, ಪ್ರತಿ ಸಲ ಅವರ ನೆನಪಾಗುತ್ತೆ.

ಗುಮಾಸ್ತ ಆಗಿದ್ದಾಗಿನ ಆಸೆಯನ್ನು ಮಾತ್ರ ಅವರು ಬಿಡಲಿಲ್ಲ. ಐವತ್ತು ದಾಟಿದ ಮೇಲೆ, 1954ರಲ್ಲಿ, ಬ್ಯಾರಿಸ್ಟರ್ ಆದರು. ಟ್ರಿನಿಡಾಡ್‌ಗೆ ಹೋಗಿ ಮಂತ್ರಿ ಆದರು, ಆಮೇಲೆ ಲಂಡನ್ನಿನಲ್ಲಿ ಹೈಕಮಿಷನರ್. 1969ರಲ್ಲಿ ಬ್ರಿಟನ್ ಸಂಸತ್ತಿನ ಮೇಲ್ಮನೆಗೆ ಸೇರಿದ ಮೊದಲ ಕಪ್ಪು ಸದಸ್ಯ. 1971ರಲ್ಲಿ ತೀರಿಕೊಂಡರು.

ಹೋದ ತಿಂಗಳು ನೆಲ್ಸನ್‌ಗೆ ಹೋಗಿದ್ದೆ. ಮೆರೆಡಿತ್ ಸ್ಟ್ರೀಟ್, ಮೂರನೇ ನಂಬರ್ ಮನೆ. ನಮ್ಮ ವಠಾರದ ಹಾಗೆ ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳು, ಗೋಡೆಗೆ ಅವರ ಹೆಸರಿನ ನೀಲಿ ಫಲಕ. ಮೊದಮೊದಲು ಬೀದಿ ಮಕ್ಕಳು ಕಪ್ಪು ಮನುಷ್ಯರು ಹೇಗಿರುತ್ತಾರೆ ಅಂತ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದರಂತೆ. ಮೇಲ್ಮನೆಯಲ್ಲಿ ಪದವಿ ಸಿಕ್ಕಾಗ ಅವರು ತಮ್ಮ ಹೆಸರಿಗೆ ಎರಡು ಊರು ಸೇರಿಸಿಕೊಂಡರು. ಒಂದು ಟ್ರಿನಿಡಾಡ್‌ನ ಮರವಾಲ್, ಇನ್ನೊಂದು ಈ ನೆಲ್ಸನ್.

ಆ ಬಾಗಿಲಿನ ಫೋಟೋ ತೆಗೆದಿದ್ದೆ, ಈಗ ಗ್ರೂಪಿಗೆ ಹಾಕ್ತೀನಿ. ಅಣ್ಣನಿಗೂ ತೋರಿಸು, ಅವನ ಫೋನಲ್ಲಿ ಫೋಟೋ ಬೇಗ ತೆರೆಯಲ್ಲ.