ಅಪ್‌ಡೇಟ್: ಎಂಟಿಬಿ (ಮೌಂಟನ್ ಬೈಕ್, ಗುಡ್ಡಗಾಡಲ್ಲಿ ಓಡಿಸೋ ಸೈಕಲ್) ಬಂತು, ಮೀಡಿಯಂ ಫ್ರೇಮೇ ತಗೊಂಡೆ

ಐದಡಿ ಆರಿಂಚು ಎತ್ತರಕ್ಕೆ ಮೀಡಿಯಂ ಸರಿಯೋ ಲಾರ್ಜೋ, 30,000 ರೂಪಾಯಿ ಒಳಗೆ ಒಳ್ಳೇದು ಸಿಗುತ್ತಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಎರಡನ್ನೂ ಹತ್ತಿ ನೋಡಿದೆ. ಲಾರ್ಜ್‌ನಲ್ಲಿ ಹ್ಯಾಂಡಲ್ ಹಿಡಿಯೋಕೆ ಮುಂದಕ್ಕೆ ಚಾಚಬೇಕು, ಮೊಣಕೈ ನೆಟ್ಟಗಾಗುತ್ತೆ. ಮೀಡಿಯಂನಲ್ಲಿ ಮೊಣಕೈ ಆರಾಮಾಗಿ ಬಾಗಿತ್ತು, ಸೀಟಿಂದ ಇಳಿದು ನಿಂತಾಗ ಟಾಪ್ ಟ್ಯೂಬಿಗೂ (ಸೀಟಿಂದ ಹ್ಯಾಂಡಲ್ ಕಡೆ ಹೋಗೋ ಮೇಲಿನ ಕೊಳವೆ) ನನಗೂ ನಡುವೆ ಎರಡಿಂಚು ಜಾಗ ಇತ್ತು. ‘ಸೀಟು ಇಳಿಸಿದ್ರೆ ಲಾರ್ಜೂ ಆಗುತ್ತೆ ಸಾರ್’ ಅಂದ್ರು ಅಂಗಡಿಯವರು. ಸೀಟು ಇಳಿಸಿದ್ರೆ ಕಾಲು ಎಟುಕುತ್ತೆ ನಿಜ, ಹ್ಯಾಂಡಲ್ ಹತ್ತಿರ ಬರಲ್ಲ.

ಇದೇ ಬೆಲೆಗೆ ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರೋದೂ ಇತ್ತು. ಭಾರ ಜಾಸ್ತಿ, ಏರಲ್ಲಿ ತುಳಿದಂಗೆಲ್ಲ ಕುಪ್ಪಳಿಸುತ್ತೆ, ಬಿಟ್ಟೆ. ಮುಂದೆ ಮಾತ್ರ ಸಸ್ಪೆನ್ಷನ್, ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರೋದು ಆರಿಸಿದೆ. ಹೆಲ್ಮೆಟ್ ಸೇರಿ ಬಜೆಟ್ ಒಳಗೇ ಮುಗೀತು. ನಮ್ಮ ಮಡಿಕೇರಿ ಇಳಿಜಾರಲ್ಲಿ ಒಂದೇ ಬೆರಳಿಗೆ ಬ್ರೇಕ್ ಹಿಡಿಯುತ್ತೆ.