ಸ್ಕ್ಯಾನ್ ಸಹಜ, ಹೊಟ್ಟೆನೋವು ಮಾತ್ರ ತಗ್ಗುತ್ತಿಲ್ಲ: ಮುಂದೇನು?

ಕೇಳಿದವರು (ಕಿರಿಯ ವೈದ್ಯೆ): ತೀವ್ರ ಹೊಟ್ಟೆನೋವೆಂದು ಬಂದವರ ಸ್ಕ್ಯಾನ್ ಸಹಜವಾಗಿದೆ, ಶಸ್ತ್ರಚಿಕಿತ್ಸಕರು ‘ಆಪರೇಷನ್ ಬೇಡ’ ಎಂದು ಬರೆದು ಹೋಗಿದ್ದಾರೆ. ಆಮೇಲೆ ನೀವು ಏನನ್ನು ಹುಡುಕುತ್ತೀರಿ?

ತುರ್ತು ಚಿಕಿತ್ಸಾ ವೈದ್ಯ: ಅಪರೂಪದ ಕಾಯಿಲೆಗಳ ಬೆನ್ನು ಹತ್ತುವ ಮೊದಲು ಇಸಿಜಿ, ರಕ್ತದ ಸಕ್ಕರೆ, ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ ಆಮ್ಲೀಯ ವಸ್ತು) ನೋಡಿಬಿಡಿ. ಹೃದಯದ ಕೆಳಭಾಗದ ಆಘಾತ ಹೊಟ್ಟೆಯ ಮೇಲ್ಭಾಗದ ನೋವಾಗಿ ಬರುವುದುಂಟು. ಮಧುಮೇಹಕ್ಕೆ ಕೊಡುವ ಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಸೇವಿಸುವವರಲ್ಲಿ ಸಕ್ಕರೆ 250 mg/dLಗಿಂತ ಕಡಿಮೆಯಿದ್ದರೂ ಕೀಟೊಅಸಿಡೋಸಿಸ್ (ಕೀಟೋನ್ ಹೆಚ್ಚಿ ರಕ್ತ ಆಮ್ಲೀಯವಾಗುವುದು) ಆಗಬಹುದು. ಆಮ್ಲತೆ ಇಳಿದರೂ ನೋವು ಇಳಿಯದಿದ್ದರೆ ಶಸ್ತ್ರಚಿಕಿತ್ಸಕರನ್ನು ಮತ್ತೆ ಕರೆಯಿರಿ, ಸಂಕೋಚ ಬೇಡ.

ಹಿರಿಯ ಫಿಸಿಷಿಯನ್: ರೋಗಿ ನೋವಿನಿಂದ ಹೊರಳಾಡುತ್ತಿರುತ್ತಾರೆ, ಒತ್ತಿ ನೋಡಿದರೆ ಹೊಟ್ಟೆ ಮೆತ್ತಗಿರುತ್ತದೆ. ಈ ಹೊಂದಿಕೆಯಾಗದ ಚಿತ್ರವೇ ನನಗೆ ಮುಖ್ಯ ಸುಳಿವು. ವಯಸ್ಸಾದವರಲ್ಲಿ, ಅದರಲ್ಲೂ ನಾಡಿಮಿಡಿತ ಏರುಪೇರಾಗಿದ್ದರೆ, ಕರುಳಿನ ರಕ್ತನಾಳ ಕಟ್ಟಿಕೊಂಡಿಲ್ಲವೆಂದು ಸಿಟಿ ಆ್ಯಂಜಿಯೋಗ್ರಾಮ್‌ನಲ್ಲಿ (ಬಣ್ಣದ್ರವ ಕೊಟ್ಟು ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಖಚಿತಪಡಿಸಿಕೊಳ್ಳಿ. ಸಾದಾ ಸ್ಕ್ಯಾನ್ ಅದಕ್ಕೆ ಸಾಲದು. ಯುವತಿಯರಲ್ಲಿ ಇದೇ ಚಿತ್ರದ ಜೊತೆ ವೇಗದ ನಾಡಿ, ಮಲಬದ್ಧತೆ, ಸೋಡಿಯಂ ಇಳಿಕೆ, ಕೈಕಾಲು ಸೋಲುವುದು ಕಂಡರೆ ಪೋರ್ಫೈರಿಯಾವನ್ನು (ರಕ್ತದ ಹೀಮ್ ತಯಾರಿಕೆಯಲ್ಲಿನ ದೋಷದಿಂದ ಬರುವ ಅಪರೂಪದ ಕಾಯಿಲೆ) ನೆನೆಯುತ್ತೇನೆ. ಉಪವಾಸ, ಮುಟ್ಟಿನ ಹಿಂದಿನ ದಿನಗಳು, ಫೆನಿಟಾಯಿನ್, ಬಾರ್ಬಿಚುರೇಟ್‌ನಂಥ ಅಪಸ್ಮಾರದ ಔಷಧಿಗಳು ಇದನ್ನು ಕೆರಳಿಸುತ್ತವೆ. ಇಟ್ಟ ಮೂತ್ರ ಬೆಳಕಿನಲ್ಲಿ ಕಪ್ಪೇರಬಹುದು. ಏರದಿದ್ದರೂ ಅನುಮಾನ ಬಿಡಬೇಡಿ. ಪೋರ್ಫೋಬಿಲಿನೋಜೆನ್ (ಈ ಕಾಯಿಲೆಯಲ್ಲಿ ಮೂತ್ರದಲ್ಲಿ ಹೆಚ್ಚುವ ವಸ್ತು) ಪರೀಕ್ಷೆಗೆ ಮೂತ್ರವನ್ನು ನೋವಿರುವಾಗಲೇ ತೆಗೆದು, ಬೆಳಕು ತಾಗದಂತೆ ಸುತ್ತಿ ಕಳುಹಿಸಿ. ಸ್ಯಾಂಪಲ್ಲನ್ನು ಕಿಟಕಿಯ ಬಳಿ ಮರೆತುಬಿಟ್ಟರೆ ಫಲಿತಾಂಶಕ್ಕೆ ಅರ್ಥವಿಲ್ಲ.

ಇಷ್ಟೆಲ್ಲ ಹೊಂದಿಕೊಂಡು ರಕ್ತಹೀನತೆಯೂ ಇದ್ದರೆ ರೋಗಿಯ ಉದ್ಯೋಗ ಕೇಳಿ. ಬ್ಯಾಟರಿ, ಬಣ್ಣ, ಲೋಹ ಕರಗಿಸುವ ಕೆಲಸವಾದರೆ ರಕ್ತದ ಸೀಸದ ಮಟ್ಟ ನೋಡಿಸಬೇಕು. ಸೀಸದ ನಂಜು ಪೋರ್ಫೈರಿಯಾದಂತೆಯೇ ವೇಷ ಹಾಕುತ್ತದೆ. ರಕ್ತದೊತ್ತಡ ಕುಸಿದು, ಪೊಟ್ಯಾಸಿಯಂ ಏರಿದ್ದರೆ ಅಡ್ರಿನಲ್ ಗ್ರಂಥಿಯ ವೈಫಲ್ಯ: ಆ ಗ್ರಂಥಿಯ ಹಾರ್ಮೋನ್ ಆದ ಕಾರ್ಟಿಸೋಲ್‌ನ ಪರೀಕ್ಷೆಗೆ ರಕ್ತ ತೆಗೆದು, ವರದಿಗೆ ಕಾಯದೆ ಅದರ ಬದಲಿ ಔಷಧಿ ಹೈಡ್ರೊಕಾರ್ಟಿಸೋನ್ ಕೊಡಿ.

ಇನ್ನೊಬ್ಬ ವೈದ್ಯರು: ಬೆರಳಿಟ್ಟು ತೋರಿಸಬಲ್ಲಷ್ಟು ಚಿಕ್ಕ ಜಾಗದಲ್ಲಿ ನೋವಿದ್ದರೆ, ಅಲ್ಲೇ ಒತ್ತಿಹಿಡಿದು ತಲೆ ಎತ್ತಲು ಹೇಳಿ. ನೋವು ಹೆಚ್ಚಿದರೆ ಮೂಲ ಹೊಟ್ಟೆಯ ಗೋಡೆಯಲ್ಲಿದೆ. ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿದರೆ ಸರ್ಪಸುತ್ತು. ಗುಳ್ಳೆಗಳು ಕೆಲವು ದಿನ ತಡವಾಗಿ ಏಳುತ್ತವೆ.

ಮಕ್ಕಳ ವೈದ್ಯೆ: ಮಗುವಾದರೆ ಎದೆಗೆ ಸ್ಟೆತೊಸ್ಕೋಪ್ ಇಡಿ, ಶ್ವಾಸಕೋಶದ ಕೆಳಹಾಲೆಯ ನ್ಯುಮೋನಿಯಾ ಹೊಟ್ಟೆನೋವೆಂದೇ ಬರುತ್ತದೆ. ಕಾಲು ಮತ್ತು ಪೃಷ್ಠವನ್ನೂ ಬಟ್ಟೆ ಸರಿಸಿ ನೋಡಿ. ಐಜಿಎ ವ್ಯಾಸ್ಕುಲೈಟಿಸ್‌ನ (ಸಣ್ಣ ರಕ್ತನಾಳಗಳ ಉರಿಯೂತ) ಕೆಂಪು ಕಲೆಗಳು ಅಲ್ಲಿರುತ್ತವೆ. ಮೊದಲ ದಿನ ಕಾಣದಿದ್ದರೆ ಮರುದಿನವೂ ನೋಡಿ.